ಅಪ್ಪನಿಗೆ ಹೆಮ್ಮೆ, ಮಗನಿಗೆ ಜಂಬ!

ಗಣಿತದಲ್ಲಿ 96 ಅಂಕ ಬಂತೆಂದು ಮನೆಗೆ ಬಂದ ನೆಂಟರ ಮುಂದೆ ಹುಡುಗ ಹೇಳಿದ ಎನ್ನಿ. ‘ಸಾಕು ಸುಮ್ನಿರೋ, ಜಂಬ ಕೊಚ್ಕೋಬೇಡ’ ಎಂಬ ಮಾತು ಅಡುಗೆಮನೆಯಿಂದ ಬಂದೇ ಬರುತ್ತದೆ. ಅದೇ 96ನ್ನು ಸಂಜೆ ಅಪ್ಪ ನಾಲ್ಕು ಜನಕ್ಕೆ ಹೇಳಿದರೆ? ಅದು ‘ಹೆಮ್ಮೆ’! ಅಂಕ ಬದಲಾಗಲಿಲ್ಲ, ಹೇಳಿದ ಬಾಯಿ ಬದಲಾಯಿತು, ಅಷ್ಟೆ.

ಪದಗಳ ಹುಟ್ಟನ್ನು ನೋಡಿದರೂ ಇವೆರಡೂ ದೂರದವಲ್ಲ. ‘ಹೆಮ್ಮೆ’ ಹಳಗನ್ನಡದ ‘ಪೆರ್ಮೆ’ಯಿಂದ ಬಂದದ್ದು. ದೊಡ್ಡದು ಎಂಬರ್ಥದ ‘ಪೆರ್’ ಅದರ ಮೂಲ. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರಗಳಲ್ಲಿ ಇರುವುದೂ ಅದೇ. ಇನ್ನು ‘ಬಡಾಯಿ’ಯ ಹಿಂದಿರುವ ‘ಬಡಾ’ ಎಂದರೂ ದೊಡ್ಡದೇ! ಹಿಂದಿಯಲ್ಲಿ ಆ ಪದಕ್ಕೆ ಹಿರಿಮೆ, ಹೊಗಳಿಕೆ ಎಂಬ ಒಳ್ಳೆಯ ಅರ್ಥಗಳೂ ಉಂಟು. ಕನ್ನಡಕ್ಕೆ ಬಂದ ಮೇಲೆ ಪಾಪ, ಕೊಚ್ಚುವುದಕ್ಕೆ ಮಾತ್ರ ಉಳಿಯಿತು.

ಕೊಚ್ಚುವುದಕ್ಕೂ ‘ಬಿಡು’ವುದಕ್ಕೂ ವ್ಯತ್ಯಾಸವಿದೆ. ಜಂಬ ಕೊಚ್ಚುವವನ ಮಾತಿನಲ್ಲಿ ಸತ್ಯ ಇರಬಹುದು. ಬುರುಡೆ ಬಿಡುವವನಲ್ಲಿ, ರೈಲು ಬಿಡುವವನಲ್ಲಿ ಅದನ್ನು ಹುಡುಕುವುದು ವ್ಯರ್ಥ. (ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಈ ನುಡಿಗಟ್ಟಿಗೆ ಅಷ್ಟೇನೂ ವಯಸ್ಸಾಗಿಲ್ಲ.) ವಿರಾಟನ ಮಗ ಉತ್ತರಕುಮಾರನದು ಇನ್ನೊಂದು ಬಗೆ. ಅಂತಃಪುರದ ಹೆಂಗಸರೆದುರು ಅವನು ಹೇಳಿಕೊಂಡದ್ದು ಮಾಡಿದ ಕೆಲಸವನ್ನಲ್ಲ, ಇನ್ನೂ ಮಾಡಬೇಕಾದ ಯುದ್ಧವನ್ನು. ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಥದಿಂದಿಳಿದು ಓಡಿದ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಹುಟ್ಟಿದ್ದು ಹಾಗೆ.

ನಿಜವಾದ ಸೂಕ್ಷ್ಮ ಇರುವುದು ‘ಕೊಳ್ಳು’ ಎಂಬ ಪುಟ್ಟ ಪದದಲ್ಲಿ. ಬೆನ್ನು ತಟ್ಟಿದರೆ ಪ್ರೋತ್ಸಾಹ, ತಟ್ಟಿಕೊಂಡರೆ ಬಡಾಯಿ. ಹೊಗಳಿದರೆ ಸಜ್ಜನಿಕೆ, ಹೊಗಳಿಕೊಂಡರೆ ಆತ್ಮಪ್ರಶಂಸೆ. ಆದರೆ ‘ಹೇಳಿಕೊಳ್ಳುವುದು’? ಕಷ್ಟವನ್ನೂ ಹೇಳಿಕೊಳ್ಳುತ್ತೇವೆ, ಸುಖವನ್ನೂ ಹೇಳಿಕೊಳ್ಳುತ್ತೇವೆ. ಇದರಲ್ಲಿ ಜಂಬವಿಲ್ಲ, ಕೇಳುವವರ ಮೇಲಿನ ನಂಬಿಕೆಯಿದೆ. ಹುಡುಗ ನೆಂಟರ ಮುಂದೆ ಮಾಡಿದ್ದು ಇದನ್ನೇ ಇರಬಹುದಲ್ಲ!

ಪ್ರತಿ ಸಲವೂ ‘ಜಂಬ’ ಎನ್ನಿಸಿಕೊಂಡ ಮಕ್ಕಳು, ಮುಂದೆ ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಊರು, ಅಪ್ಪನ ಹೆಸರು ಹೇಳಿ ನಿಂತುಬಿಡುತ್ತಾರೆ. ಅದಕ್ಕೂ ಮುಂಚೆ ಇನ್ನೊಂದು ನಡೆದಿರುತ್ತದೆ. 96ಕ್ಕೆ ಬೈಸಿಕೊಂಡವನು 36 ಬಂದಾಗ ಅದನ್ನೂ ಹೇಳಿಕೊಳ್ಳದೆ ಅಂಕಪಟ್ಟಿಯನ್ನು ಪುಸ್ತಕದ ನಡುವೆ ಅಡಗಿಸಿಟ್ಟಿರುತ್ತಾನೆ.

ಬೈಯುವ ಬದಲು ‘ಉಳಿದ ನಾಲ್ಕು ಅಂಕ ಯಾವ ಲೆಕ್ಕದಲ್ಲಿ ಹೋಯಿತೋ, ತೋರಿಸು’ ಎಂದು ಕೇಳಿ ನೋಡಿ. ಹುಡುಗ ಕಾಗದ, ಪೆನ್ಸಿಲು ಹುಡುಕಲು ಎದ್ದು ಹೋಗುತ್ತಾನೆ.