ಕಡ್ಡಿ ಬೇಡ, ಮುಕ್ಕಳಿಸಿ ಕೊಡಿ

ಕೋವಿಡ್ ಕಾಲದಲ್ಲಿ ನಮ್ಮ ಓಣಿಯ ಮಕ್ಕಳಿಗೆ ನಾನು 'ಮೂಗಿಗೆ ಕಡ್ಡಿ ಹಾಕೋ ಆಂಟಿ'. ಲ್ಯಾಬ್ ಟೆಕ್ನಿಷಿಯನ್ ಆದ ನನಗೂ ಆ ಕಡ್ಡಿಯ ಮೇಲೆ ತಕರಾರಿದೆ, ಬಹುಶಃ ಅವರಿಗಿಂತ ಹೆಚ್ಚೇ. ಅವರಿಗೆ ಒಂದು ಗಳಿಗೆಯ ಉರಿ. ನಾವು ಪಿಪಿಇ ಕಿಟ್ಟಿನೊಳಗೆ ಬೆವರುತ್ತ, ಎದುರಿನವರು ಸೀನಿದರೆ ಮುಖಕ್ಕೇ ಬೀಳುವಷ್ಟು ಹತ್ತಿರ ನಿಲ್ಲಬೇಕಿತ್ತು. ಕಡ್ಡಿ ಮೂಗಿನ ಹಿಂದೆ, ಗಂಟಲಿಗೆ ಕೂಡುವ ಜಾಗದವರೆಗೂ ಹೋಗಬೇಕು. ಅಂಜಿದ ಕೈ ಅರ್ಧಕ್ಕೇ ಹಿಂದೆ ಬಂದರೆ ಎಂಥ ಒಳ್ಳೆಯ ಯಂತ್ರಕ್ಕೂ ವೈರಸ್ ಸಿಗದೇ ಹೋಗಬಹುದು.

2021ರ ಮೇ ತಿಂಗಳಲ್ಲಿ ನಾಗಪುರದ 'ನೀರಿ' ಸಂಸ್ಥೆಯ, ಕಡ್ಡಿ ಬೇಡದ ಕೋವಿಡ್ ಪರೀಕ್ಷಾ ವಿಧಾನಕ್ಕೆ ಐಸಿಎಂಆರ್ ಒಪ್ಪಿಗೆ ಕೊಟ್ಟಿತು. ಅದು ಪರಿಸರ ಎಂಜಿನಿಯರಿಂಗ್ ಸಂಶೋಧನೆಯ ಸಂಸ್ಥೆ, ಆಸ್ಪತ್ರೆಯಲ್ಲ! ಅಲ್ಲಿನ ವಿಜ್ಞಾನಿ ಕೃಷ್ಣ ಖೈರನಾರ್ ಅವರ ತಂಡ ರೂಪಿಸಿದ ವಿಧಾನಕ್ಕೆ ಬೇಕಾದದ್ದು ಸಲೈನ್ ತುಂಬಿದ ಒಂದು ಟ್ಯೂಬ್. 15 ಸೆಕೆಂಡ್ ಗಾರ್ಗಲ್ ಮಾಡಿ, ಬಾಯಿ ಮುಕ್ಕಳಿಸಿ, ಅದೇ ಟ್ಯೂಬಿಗೆ ಉಗಿಯಬೇಕು. ಲ್ಯಾಬಿನಲ್ಲಿ ಅದನ್ನು ಬಫರ್ ದ್ರಾವಣದಲ್ಲಿ 30 ನಿಮಿಷ ಇಟ್ಟು, 98 ಡಿಗ್ರಿಯಲ್ಲಿ 6 ನಿಮಿಷ ಕಾಯಿಸಿದರೆ ವೈರಸ್ಸಿನ ಹೊದಿಕೆ ಒಡೆದು ಆರ್‌ಎನ್‌ಎ ಹೊರಬರುತ್ತದೆ. ನೇರವಾಗಿ ಆರ್‌ಟಿಪಿಸಿಆರ್‌ಗೆ ಹಾಕಬಹುದು. ಜನರಿಗೆ ಕಡ್ಡಿ ತಪ್ಪುವುದೇ ದೊಡ್ಡದು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಆರ್‌ಎನ್‌ಎ ಬೇರ್ಪಡಿಸುವ ದುಬಾರಿ ಕಿಟ್ಟೂ, ಅದಕ್ಕೆ ತಗಲುವ ಹೊತ್ತೂ ಉಳಿಯುತ್ತವೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2020ರ ಆಗಸ್ಟ್‌ನಲ್ಲೇ ಬರೀ ಜೊಲ್ಲಿನಿಂದ ಮಾಡುವ 'ಸಲೈವಾಡೈರೆಕ್ಟ್'ಗೆ ತುರ್ತು ಅನುಮತಿ ಪಡೆದಿದ್ದರು. ಆದರೆ ಜೊಲ್ಲು ಅಂಟು. ಪಿಪೆಟ್ಟಿನ ತುದಿಯಿಂದ ನೂಲಿನಂತೆ ಎಳೆ ಬಿಡುತ್ತದೆ. ಅದಕ್ಕೇ ಅವರು ಪ್ರೋಟೀನೇಸ್-ಕೆ ಎಂಬ ಕಿಣ್ವ ಹಾಕಿ, ಆಮೇಲೆ ಕಾಯಿಸುತ್ತಾರೆ. ಮುಕ್ಕಳಿಸಿದ ನೀರಿಗೆ ಆ ಕಾಟ ಕಡಿಮೆ, ಆದರೆ ನೀರು ಬೆರೆತಷ್ಟೂ ವೈರಸ್ ತೆಳುವಾಗುತ್ತದೆ.

ಇನ್ನು, ಜೊಲ್ಲು ಕೊಡುವ ಮೊದಲು ಅರ್ಧ ಗಂಟೆಯಾದರೂ ಏನೂ ತಿನ್ನಬಾರದು, ಕುಡಿಯಬಾರದು. ಎಲೆ-ಅಡಿಕೆ ಬಾಯಲ್ಲೇ ಇರುವ ನಮ್ಮ ಹಿರಿಯರಿಗೆ ಇದನ್ನು ಒಪ್ಪಿಸುವುದು ಕಡ್ಡಿ ಹಾಕುವುದಕ್ಕಿಂತ ಕಷ್ಟ.

ಪ್ರಜ್ಞೆ ಇಲ್ಲದವರು, ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದವರು, ಮುಕ್ಕಳಿಸಿ ಉಗಿಯಲು ಬಾರದ ಎಳೆಮಕ್ಕಳು, ಇವರಿಗೆ ಕಡ್ಡಿಯೇ ಗತಿ. ಹಾಸ್ಟೆಲ್ಲು, ಶಾಲೆ, ಗಾರ್ಮೆಂಟ್ಸ್ ಕಾರ್ಖಾನೆಗಳ ಮಾತು ಬೇರೆ. ಅಲ್ಲಿ ವಾರವಾರವೂ ಪರೀಕ್ಷೆ ಮಾಡಬೇಕಾಗಿ ಬಂದರೆ, ಒಂದೆರಡು ಸೋಂಕು ಕೈತಪ್ಪಿದರೂ ಪರವಾಗಿಲ್ಲ, ಟ್ಯೂಬೇ ಕೊಡಿ ಎನ್ನುತ್ತೇನೆ. ಕಡ್ಡಿ ಎಂದರೆ ಎರಡನೇ ವಾರಕ್ಕೇ ಅರ್ಧ ಜನ ರಜೆ ಹಾಕುತ್ತಾರೆ.