ಹೊರಗಿನ ಹಣ, ಒಳಗಿನ ಹೊಣೆ

1997ನೆಯ ಇಸವಿ ಜುಲೈ 2ರಂದು ಥಾಯ್ಲೆಂಡಿನ ಸರ್ಕಾರವು, ತನ್ನ ನಾಣ್ಯವಾದ ಬಾತ್‌ಗೂ ಅಮೆರಿಕದ ಡಾಲರಿಗೂ ಬಹುಕಾಲದಿಂದ ಇದ್ದ ನಿಶ್ಚಿತ ಸಂಬಂಧವನ್ನು ಕಡಿದು, ಅದರ ಬೆಲೆಯನ್ನು ಪೇಟೆಯ ಏರಿಳಿತಕ್ಕೆ ಬಿಟ್ಟುಕೊಟ್ಟಿತು. ಡಾಲರೊಂದಕ್ಕೆ ಸುಮಾರು 25 ಬಾತ್ ಇದ್ದ ವಿನಿಮಯದರವು ಮುಂದಿನ ಜನವರಿಯ ಹೊತ್ತಿಗೆ 50ನ್ನು ದಾಟಿತ್ತು. ಆ ಕುಸಿತವು ಇಂಡೊನೇಷ್ಯ, ಮಲೇಷ್ಯ, ದಕ್ಷಿಣ ಕೊರಿಯಗಳಿಗೂ ವ್ಯಾಪಿಸಿ ಕೋಟ್ಯಂತರ ಕುಟುಂಬಗಳ ಜೀವನವನ್ನು ಅಸ್ತವ್ಯಸ್ತಗೊಳಿಸಿತು. ಇವು ಆಲಸ್ಯದಿಂದ ಕೆಟ್ಟ ದೇಶಗಳಲ್ಲ. ಉಳಿತಾಯ, ವಿದ್ಯಾಭ್ಯಾಸ, ರಫ್ತು ಈ ಮೂರರಲ್ಲಿಯೂ ಇತರರಿಗೆ ಮೇಲ್ಪಂಕ್ತಿಯಾಗಿದ್ದ ಈ ನಾಡುಗಳ ಏಳಿಗೆಯನ್ನು ವಿಶ್ವಬ್ಯಾಂಕು 1993ರಲ್ಲಿ ‘ಪೂರ್ವ ಏಷ್ಯದ ಪವಾಡ’ವೆಂದು ಕರೆದು ಗ್ರಂಥರೂಪದಲ್ಲಿಯೇ ಕೊಂಡಾಡಿತ್ತು. ಅಷ್ಟು ಎತ್ತರಕ್ಕೆ ಏರಿದವರು ಅಷ್ಟು ಬೇಗ ಬಿದ್ದುದೇಕೆಂಬುದು, ಏಳಿಗೆಯನ್ನು ಬಯಸತಕ್ಕ ಎಲ್ಲ ದೇಶಗಳೂ ಸಾವಧಾನವಾಗಿ ವಿಚಾರಿಸಬೇಕಾದ ವಿಷಯ.

ಬಡ ದೇಶವೊಂದು ದಿವಾಳಿಯ ಅಂಚಿಗೆ ಬಂದರೆ ಅಲ್ಲಿನ ಸರ್ಕಾರದ ದುಂದುಗಾರಿಕೆಯೇ ಕಾರಣವೆಂದು ಊಹಿಸುವುದು ವಾಡಿಕೆ. ಥಾಯ್ಲೆಂಡಿನಲ್ಲಿ ಹಾಗಿರಲಿಲ್ಲ, ಅಲ್ಲಿನ ಸರ್ಕಾರದ ಆಯವ್ಯಯವು ಸಂಕಟಕ್ಕೆ ಮುಂಚಿನ ವರ್ಷಗಳಲ್ಲಿ ಮಿಗತೆಯನ್ನೇ ತೋರಿಸುತ್ತಿತ್ತು. ಸಾಲ ಬೆಳೆದದ್ದು ಖಾಸಗಿಯವರಲ್ಲಿ. ಪರದೇಶದ ಹಣವನ್ನು ತಂದು ಒಳನಾಡಿನಲ್ಲಿ ಸಾಲ ಕೊಡುವ ಹೊಸ ಅನುಕೂಲವು 1993ರಲ್ಲಿ ಬ್ಯಾಂಕಾಕಿನ ಬ್ಯಾಂಕುಗಳಿಗೆ ಒದಗಿತು. ಡಾಲರಿನ ಬಡ್ಡಿಯು ಒಳನಾಡಿನ ಬಡ್ಡಿಗಿಂತ ಕಡಮೆಯಾಗಿದ್ದುದರಿಂದಲೂ, ವಿನಿಮಯದರವು ಕದಲುವುದೇ ಇಲ್ಲವೆಂಬ ನೆಚ್ಚಿಕೆ ಬೇರೂರಿದ್ದುದರಿಂದಲೂ, ಸಾಲ ತರುವವರೂ ಕೊಡುವವರೂ ಎಚ್ಚರವನ್ನು ತೊರೆದರು. ಹೀಗೆ ಬಂದ ಹಣದ ದೊಡ್ಡ ಭಾಗವು ವರ್ಷದೊಳಗೆ ಹಿಂದಿರುಗಿಸಬೇಕಾದದ್ದು. ಅದು ಹೋಗಿ ಸೇರಿದ್ದಾದರೋ ಬಹುವರ್ಷಗಳ ಮೇಲೆ ಫಲ ಕೊಡಬಹುದಾದ ವಸತಿ ಸಮುಚ್ಚಯಗಳಿಗೆ ಮತ್ತು ಕಛೇರಿಗಳ ಗಗನಚುಂಬಿ ಕಟ್ಟಡಗಳಿಗೆ. ಕೈಗಡದ ಹಣದಿಂದ ಮನೆ ಕಟ್ಟಲು ಹೊರಟ ಗೃಹಸ್ಥನಿಗೆ, ತಾರಸಿ ಹಾಕುವ ಮೊದಲೇ ಕೊಟ್ಟವನು ಬಂದು ಬಾಗಿಲಲ್ಲಿ ನಿಂತರೆ ಯಾವ ಗತಿಯೋ, ಆ ಗತಿ ಇಡೀ ದೇಶಕ್ಕೆ ಬಂದಿತು.

ಹತ್ತು ಲಕ್ಷ ಡಾಲರ್ ಸಾಲ ತಂದ ಸಂಸ್ಥೆಯೊಂದರ ಲೆಕ್ಕವನ್ನು ನೋಡೋಣ. ತಂದ ದಿನ ಅದರ ಋಣ ಎರಡೂವರೆ ಕೋಟಿ ಬಾತ್. ಡಾಲರಿನ ಬೆಲೆ 50 ಬಾತ್ ಆದ ದಿನ ಅದೇ ಋಣ ಐದು ಕೋಟಿ. ಹೊಸದಾಗಿ ಒಂದು ಕಾಸನ್ನೂ ತರದೆ, ಒಂದು ಇಟ್ಟಿಗೆಯನ್ನೂ ಹೆಚ್ಚಾಗಿ ಇಡದೆ, ಆ ಸಂಸ್ಥೆಯು ಇಮ್ಮಡಿ ಸಾಲಕ್ಕೆ ಸಿಕ್ಕಿತು. ಅದರ ವರಮಾನವು ಮಾತ್ರ ಎಂದಿನಂತೆ ಬಾತ್‌ನಲ್ಲಿಯೇ ಬರತಕ್ಕದ್ದು. ಥಾಯ್ಲೆಂಡಿನಲ್ಲಿ ವ್ಯವಹಾರವನ್ನು ತಡೆಹಿಡಿಯಲಾಗಿದ್ದ 58 ಹಣಕಾಸು ಸಂಸ್ಥೆಗಳ ಪೈಕಿ 56 ಸಂಸ್ಥೆಗಳು 1997ರ ಡಿಸೆಂಬರಿನಲ್ಲಿ ಶಾಶ್ವತವಾಗಿ ಮುಚ್ಚಿಹೋದವು.

ಅಂತರರಾಷ್ಟ್ರೀಯ ಹಣಕಾಸು ನಿಧಿಯು ನೆರವಿಗೆ ಬಂದಿತು. ಆದರೆ ಷರತ್ತುಗಳೊಡನೆ ಬಂದಿತು. ವೆಚ್ಚವನ್ನು ಕಡಿತಗೊಳಿಸತಕ್ಕದ್ದು, ಬಡ್ಡಿಯನ್ನು ಏರಿಸತಕ್ಕದ್ದು, ಸರಕಿನ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ಶೇಕಡ 7ರಿಂದ 10ಕ್ಕೆ ಹೆಚ್ಚಿಸತಕ್ಕದ್ದು ಎಂದು ಥಾಯ್ಲೆಂಡಿಗೆ ವಿಧಿಸಲಾಯಿತು. ಖಾಸಗಿಯವರ ಸಾಹಸದಿಂದ ಒದಗಿದ ಕೇಡಿಗೆ, ಅಂಗಡಿಯಲ್ಲಿ ಸಾಮಾನು ಕೊಳ್ಳುವ ಪ್ರತಿಯೊಬ್ಬ ಬಡವನೂ ದಂಡ ತೆತ್ತನು. ಇಂಡೊನೇಷ್ಯದಲ್ಲಿ ನಿಧಿಯ ಸಲಹೆಯಂತೆ 1997ರ ನವೆಂಬರಿನಲ್ಲಿ 16 ಬ್ಯಾಂಕುಗಳನ್ನು ಒಮ್ಮೆಗೇ ಮುಚ್ಚಿದಾಗ, ಉಳಿದವುಗಳಿಗೂ ಅದೇ ಗತಿಯೆಂದು ಹೆದರಿದ ಜನ ಠೇವಣಿಗಳನ್ನು ಹಿಂದೆಗೆಯಲು ಮುಗಿಬಿದ್ದರು. ಮರುವರ್ಷ ಆ ದೇಶದ ಒಟ್ಟು ಉತ್ಪನ್ನವು ಶೇಕಡ 13ರಷ್ಟು ಇಳಿಯಿತು. ಇಂಧನದ ಬೆಲೆಯೇರಿಕೆಯ ಬೆನ್ನಲ್ಲೇ ಎದ್ದ ದಂಗೆಗಳ ನಡುವೆ ಅಧ್ಯಕ್ಷ ಸುಹಾರ್ತೊ ಅವರ ಮೂರು ದಶಕಗಳ ಆಡಳಿತವು 1998ರ ಮೇ 21ರಂದು ಕೊನೆಗೊಂಡಿತು.

ದಕ್ಷಿಣ ಕೊರಿಯದ ಪ್ರಜೆಗಳು 1998ರ ಆರಂಭದಲ್ಲಿ ತೋರಿದ ನಡತೆಯು ಮಾತ್ರ ಚಿರಸ್ಮರಣೀಯವಾದದ್ದು. ದೇಶದ ಡಾಲರ್ ಸಂಗ್ರಹ ಬರಿದಾಗಿದೆಯೆಂದು ತಿಳಿದ ಸುಮಾರು 35 ಲಕ್ಷ ಮಂದಿ, ತಮ್ಮ ಮದುವೆಯ ಉಂಗುರಗಳನ್ನೂ, ಮಕ್ಕಳ ಮೊದಲನೆಯ ಹುಟ್ಟುಹಬ್ಬಕ್ಕೆ ಬಂಧುಗಳು ಕೊಟ್ಟಿದ್ದ ಪುಟ್ಟ ಚಿನ್ನದ ಉಂಗುರಗಳನ್ನೂ, ಕ್ರೀಡಾಪಟುಗಳಾದವರು ಗೆದ್ದ ಪದಕಗಳನ್ನೂ ತಂದು ಒಪ್ಪಿಸಿದರು. ಹೀಗೆ ಕೂಡಿದ 227 ಟನ್ನುಗಳಷ್ಟು ಚಿನ್ನವನ್ನು ಕರಗಿಸಿ, ಗಟ್ಟಿಗಳನ್ನಾಗಿ ಮಾಡಿ ಪರದೇಶಕ್ಕೆ ಮಾರಲಾಯಿತು. ತಾನೂ ನಿಧಿಯಿಂದ ಪಡೆದಿದ್ದ ಸಾಲವನ್ನು ಕೊರಿಯ 2001ರಲ್ಲಿಯೇ, ಗಡುವಿಗೆ ಮೊದಲೇ, ತೀರಿಸಿತು. ಆ ತ್ಯಾಗಕ್ಕೆ ತಲೆಬಾಗಲೇಬೇಕು. ಆದರೆ ಉಂಗುರ ಕೊಟ್ಟ ತಾಯಂದಿರು ಆ ಸಾಲವನ್ನು ಮಾಡಿದವರಲ್ಲವೆಂಬುದನ್ನೂ ಮರೆಯಲಾಗದು.

ಮಲೇಷ್ಯ ಬೇರೆ ದಾರಿ ಹಿಡಿಯಿತು. 1998ರ ಸೆಪ್ಟೆಂಬರಿನಲ್ಲಿ ಅದು ಬಂಡವಾಳದ ಹೊರಹರಿವಿಗೆ ನಿರ್ಬಂಧ ಹೇರಿ, ಡಾಲರಿಗೆ 3.80 ರಿಂಗಿಟ್ ಎಂದು ದರವನ್ನು ಸ್ಥಿರಗೊಳಿಸಿತು. ಅನರ್ಥವಾಗುವುದೆಂದು ಪಂಡಿತರನೇಕರು ನುಡಿದ ಭವಿಷ್ಯ ಸುಳ್ಳಾಯಿತು. ನೆರೆಯವರೊಡನೆ ಮಲೇಷ್ಯವೂ ಮರುವರ್ಷ ಚೇತರಿಸಿಕೊಂಡಿತು. ಕೆಲವು ಸಂದರ್ಭಗಳಲ್ಲಿ ಇಂಥ ನಿರ್ಬಂಧ ಉಚಿತವೆಂದು ನಿಧಿಯೇ 2012ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು.

ಭಾರತಕ್ಕೂ ಇದು ದೂರದ ಕಥೆಯಲ್ಲ. 1991ರಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಾಗ, ಚಿನ್ನವನ್ನು ಪರದೇಶಕ್ಕೆ ಕಳುಹಿಸಿ ಅಡವಿಟ್ಟ ನೋವನ್ನು ನಾವೂ ಉಂಡವರು. ಬಂಡವಾಳದ ಸಂಚಾರಕ್ಕೆ ಪೂರ್ಣ ಸ್ವಾತಂತ್ರ್ಯ ಕೊಡುವ ಕ್ರಮವನ್ನು ಸೂಚಿಸಿದ ತಾರಾಪೋರ್ ಸಮಿತಿಯ ವರದಿ ಬಂದದ್ದು, ಬಾತ್ ಬೀಳುವುದಕ್ಕೆ ಕೆಲವು ವಾರ ಮುಂಚೆ. ಸಮಿತಿಯೂ ಕಠಿಣವಾದ ಪೂರ್ವಸಿದ್ಧತೆಗಳನ್ನು ವಿಧಿಸಿತ್ತು. ನಾವು ಆ ಬಾಗಿಲನ್ನು ಪೂರ್ತಿ ತೆರೆಯದಿದ್ದುದು ಆ ಬಿರುಗಾಳಿಯಲ್ಲಿ ನಮ್ಮನ್ನು ತಕ್ಕಮಟ್ಟಿಗೆ ಕಾಯಿತು.

ಇದರಿಂದ ಹೊರಗಿನ ಬಂಡವಾಳವೇ ತ್ಯಾಜ್ಯವೆಂದು ಯಾರೂ ತಿಳಿಯಬಾರದು. ಕಾರ್ಖಾನೆಯಾಗಿ ನೆಲೆ ನಿಲ್ಲುವ ಹಣಕ್ಕೆ ಮೊದಲ ಸ್ವಾಗತ, ಬ್ಯಾಂಕುಗಳ ಮೇಲೆ ಬಿಗಿಯಾದ ಮೇಲ್ವಿಚಾರಣೆ, ಅಲ್ಪಾವಧಿಯ ಸಾಲಕ್ಕೆ ಕಟ್ಟಕಡೆಯ ಅವಕಾಶ: ಈ ಕ್ರಮವನ್ನು ತಪ್ಪಿಸಿದ ವೃದ್ಧಿಯು ವೃದ್ಧಿಯಲ್ಲ. ಕೇಡು ಬಂದಾಗ ಲಾಭದಾಸೆಯಿಂದ ಸಾಲ ಕೊಟ್ಟವರೂ ನಷ್ಟದ ಪಾಲು ಹೊರಬೇಕಾದದ್ದು ನ್ಯಾಯ. ನಮ್ಮ ದೇಶದ ವೃದ್ಧಿಯು ಶೇಕಡ ಇಷ್ಟೆಂದು ಪತ್ರಿಕೆಯಲ್ಲಿ ಓದಿ ಹಿಗ್ಗುವ ಪ್ರತಿಯೊಬ್ಬ ನಾಗರಿಕನೂ, ಆ ವೃದ್ಧಿಯ ಹಿಂದಿರುವ ಹಣ ಯಾರದು, ಎಷ್ಟು ದಿನದ್ದು, ನಷ್ಟವಾದರೆ ತೆರುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಆಳುವವರ ಮುಂದೆ ತಪ್ಪದೆ ಇಡಬೇಕು.