ಅಗಿಯುವ ಸ್ನಾಯುಗಳು: ಬಾಯಿ ಮುಚ್ಚಲು ಮೂರು, ತೆರೆಯಲು ಒಂದೇ



ಬಾಯಿಯ ಆರೋಗ್ಯವೆಂದೊಡನೆ ನಮ್ಮ ಗಮನ ಹಲ್ಲುಗಳ ಕಡೆಗೇ ಹೋಗುತ್ತದೆ. ಹುಳುಕು ಹಲ್ಲು ಯಾವುದು, ಅಲುಗಾಡುವ ಹಲ್ಲು ಯಾವುದು ಎಂದು ನೋಡಿಕೊಂಡು ಅಷ್ಟಕ್ಕೇ ತೃಪ್ತರಾಗುತ್ತೇವೆ. ಆದರೆ ಹಲ್ಲು ತಾನೇ ತಾನಾಗಿ ಅಗಿಯಲಾರದು. ರಾಗಿ ಬೀಸುವ ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಗೂಟ ಹಿಡಿದು ತಿರುಗಿಸುವ ತೋಳಿಲ್ಲದಿದ್ದರೆ ಹಿಟ್ಟು ಬೀಳುವುದಿಲ್ಲ. ಬಾಯಿಯಲ್ಲಿ ಆ ತೋಳಿನ ಕೆಲಸವನ್ನು ಮಾಡುವವು ಅಗಿಯುವ ಸ್ನಾಯುಗಳು. ಇವುಗಳ ರಚನೆಯನ್ನು ತಿಳಿದುಕೊಂಡರೆ, ಹಸುಳೆಯ ಬಾಯನ್ನು ಬಿಗಿಸುವ ಒಂದು ರೋಗವನ್ನೂ, ದುಡಿಯುವ ವಯಸ್ಸಿನವರ ಬಾಯನ್ನು ಮೆಲ್ಲಮೆಲ್ಲನೆ ಮುಚ್ಚಿಸುವ ಇನ್ನೊಂದು ರೋಗವನ್ನೂ ತಡೆಯುವ ಬಗೆ ಸುಲಭವಾಗಿ ಮನವರಿಕೆಯಾಗುತ್ತದೆ. ಆದ್ದರಿಂದ ಇದನ್ನು ಪತಿಪತ್ನಿಯರಿಬ್ಬರೂ ಕೂಡಿ ಓದುವುದು ಒಳ್ಳೆಯದು.

ದವಡೆಯ ರಚನೆ

ಮೇಲ್ದವಡೆಯು ತಲೆಬುರುಡೆಗೆ ಅಂಟಿಕೊಂಡಿದೆ, ಅದು ಅಲುಗುವುದಿಲ್ಲ. ಚಲಿಸುವುದು ಕೆಳದವಡೆ ಮಾತ್ರ. ಬೀಸುವ ಕಲ್ಲಿನಲ್ಲಿ ಕೆಳಗಿನ ಕಲ್ಲು ಸ್ಥಿರ, ಮೇಲಿನದು ತಿರುಗುತ್ತದೆ. ಬಾಯಿಯಲ್ಲಿ ಇದಕ್ಕೆ ವಿರುದ್ಧ. ಎರಡು ಕಿವಿಗಳ ಮುಂದೆ ತೋರುಬೆರಳುಗಳನ್ನಿಟ್ಟು ಬಾಯಿ ತೆರೆದು ಮುಚ್ಚಿರಿ. ಬೆರಳಿನಡಿ ಏನೋ ಜಾರಿದಂತಾಗುತ್ತದೆ. ಅದೇ ದವಡೆಯ ಕೀಲು. ಬಾಗಿಲಿನ ಕೀಲಿನಂತೆ ಇದು ಬರಿದೇ ತಿರುಗುವುದಲ್ಲದೆ, ಬಾಯಿ ಅಗಲವಾಗಿ ತೆರೆದಾಗ ಮುಂದಕ್ಕೂ ಜಾರುತ್ತದೆ.

ಮನೆಯ ಅಡಕತ್ತರಿಯನ್ನು ನೆನೆಯಿರಿ. ಅಡಿಕೆಯನ್ನು ತುದಿಯಲ್ಲಿಟ್ಟು ಒತ್ತಿದರೆ ಕತ್ತರಿಸುವುದು ಕಷ್ಟ. ಕೀಲಿನ ಹತ್ತಿರ ಇಟ್ಟರೆ ಸುಲಭ. ದವಡೆಯಲ್ಲಿಯೂ ಹಾಗೆಯೇ. ಕೀಲಿಗೆ ಹತ್ತಿರವಿರುವ ಹಿಂದಿನ ಹಲ್ಲುಗಳ ಮೇಲೆ ಹೆಚ್ಚು ಬಲ ಬೀಳುತ್ತದೆ. ಆದ್ದರಿಂದಲೇ ಕಬ್ಬನ್ನು ಮುಂದಿನ ಹಲ್ಲಿನಿಂದ ಸಿಗಿದರೂ ಜಗಿಯುವುದು ದವಡೆ ಹಲ್ಲಿನಿಂದಲೇ.

ನಾಲ್ಕು ಜೊತೆ ಸ್ನಾಯುಗಳು

ಅಗಿಯುವ ಮುಖ್ಯ ಸ್ನಾಯುಗಳು ನಾಲ್ಕು ಜೊತೆ. ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು.

ಮೊದಲನೆಯದು ಮ್ಯಾಸೆಟರ್. ಇದು ಕೆನ್ನೆಯ ಎಲುಬಿನಿಂದ ಹೊರಟು ಕೆಳದವಡೆಯ ಮೂಲೆಯನ್ನು ಹಿಡಿದಿರುತ್ತದೆ. ಹಲ್ಲು ಕಚ್ಚಿ ಹಿಡಿದು ಕೆನ್ನೆಯ ಹಿಂಭಾಗವನ್ನು ಮುಟ್ಟಿದರೆ ಗಟ್ಟಿಯಾಗಿ ಉಬ್ಬುವುದು ಇದೇ.

ಎರಡನೆಯದು ಟೆಂಪೊರಾಲಿಸ್. ಇದು ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿಕೊಂಡಿದೆ. ಇದರ ಮುಂದಿನ ಎಳೆಗಳು ದವಡೆಯನ್ನು ಮೇಲಕ್ಕೂ ಹಿಂದಿನ ಎಳೆಗಳು ಹಿಂದಕ್ಕೂ ಎಳೆಯುತ್ತವೆ. ಕಡಲೆಕಾಯಿ ಜಗಿಯುವವರ ಕಣತಲೆ ಅಲುಗುವುದನ್ನು ನೀವೆಲ್ಲ ಕಂಡಿರುತ್ತೀರಿ.

ಮೂರನೆಯದು ಮೀಡಿಯಲ್ ಟೆರಿಗಾಯ್ಡ್. ಇದು ದವಡೆಯ ಒಳಮಗ್ಗುಲಲ್ಲಿದೆ. ಹೊರಗಿನಿಂದ ಮ್ಯಾಸೆಟರ್, ಒಳಗಿನಿಂದ ಇದು, ಹೀಗೆ ಎರಡೂ ಸೇರಿ ದವಡೆಯ ಮೂಲೆಯನ್ನು ತೊಟ್ಟಿಲ ಜೋಲಿಯಂತೆ ಹೊತ್ತು ಮೇಲಕ್ಕೆತ್ತುತ್ತವೆ.

ನಾಲ್ಕನೆಯದು ಲ್ಯಾಟರಲ್ ಟೆರಿಗಾಯ್ಡ್. ಕೀಲಿನ ಬಳಿ ಅಡ್ಡಲಾಗಿ ಮಲಗಿರುವ ಈ ಸಣ್ಣ ಸ್ನಾಯು ದವಡೆಯನ್ನು ಮುಂದಕ್ಕೆ ಎಳೆದು ಬಾಯಿ ತೆರೆಯಲು ನೆರವಾಗುತ್ತದೆ. ಒಂದು ಪಕ್ಕದ್ದು ಮಾತ್ರ ಎಳೆದರೆ ದವಡೆಯು ಎದುರು ಪಕ್ಕಕ್ಕೆ ವಾಲುತ್ತದೆ. ಅರೆಯುವ ಚಲನೆ ಉಂಟಾಗುವುದು ಹೀಗೆಯೇ.

ಇವೆಲ್ಲಕ್ಕೂ ಅಪ್ಪಣೆಯನ್ನು ತರುವುದು ಮಿದುಳಿನಿಂದ ಹೊರಡುವ ಐದನೆಯ ನರದ ಕೆಳದವಡೆಯ ಕವಲು. ಕೆನ್ನೆಯ ಗೋಡೆಯ ಸ್ನಾಯುವಾದರೋ ಬೇರೆ. ಅದಕ್ಕೆ ಏಳನೆಯ ನರದ ಅಪ್ಪಣೆ. ಅದು ನಾಲಿಗೆಯೊಡನೆ ಸೇರಿ, ತುತ್ತು ಹಲ್ಲಿನ ಸಾಲಿನಿಂದ ಜಾರದಂತೆ ಮತ್ತೆ ಮತ್ತೆ ಹಲ್ಲಿನ ಮೇಲಕ್ಕೆ ತಳ್ಳುತ್ತದೆ. ಬೀಸುವಾಗ ಒಂದು ಕೈ ಗೂಟ ತಿರುಗಿಸಿ ಇನ್ನೊಂದು ಕೈ ಕಾಳು ಹಾಕುವಂತೆ.

ಸ್ನಾಯುಗಳು ದುಡಿದಷ್ಟೂ ಬಲಿಯುತ್ತವೆ. ನಮ್ಮ ಕಡೆ ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆ. ಮುದ್ದೆ ಉತ್ತಮ ಆಹಾರ, ಬಿಡಬೇಕಾಗಿಲ್ಲ. ಆದರೆ ಬೆಳೆಯುವ ಮಕ್ಕಳಿಗೆ ಅದರೊಡನೆ ಸೊಪ್ಪು, ಕಾಳು, ಸೌತೆಕಾಯಿ, ಸೀಬೆಹಣ್ಣು ಮುಂತಾದ ಅಗಿಯುವ ಪದಾರ್ಥಗಳನ್ನೂ ಕೊಡತಕ್ಕದ್ದು. ಹುರಿದ ಕಡಲೆಕಾಯಿಯಂಥ ಗಟ್ಟಿ ಬೀಜಗಳನ್ನು ಮಾತ್ರ ಎಳೆಯ ಮಕ್ಕಳಿಗೆ ಕೊಡಬಾರದು. ಅವು ಶ್ವಾಸನಾಳಕ್ಕೆ ಸೇರುವ ಅಪಾಯವುಂಟು.

ಮೂರಕ್ಕೆ ಒಂದು

ಮೇಲಿನ ವಿವರಣೆಯಲ್ಲಿ ಮುಖ್ಯವಾದ ಒಂದು ಸಂಗತಿಯಿದೆ. ನಾಲ್ಕರಲ್ಲಿ ಮೂರು ಸ್ನಾಯುಗಳು ಬಾಯನ್ನು ಮುಚ್ಚತಕ್ಕವು, ಮತ್ತು ಅವು ಬಲಿಷ್ಠ. ತೆರೆಯತಕ್ಕದ್ದು ಒಂದೇ, ಅದೂ ಚಿಕ್ಕದು. ಗದ್ದದ ಕೆಳಗಿನ ಕೆಲವು ಸಣ್ಣ ಸ್ನಾಯುಗಳು ಅದಕ್ಕೆ ನೆರವಾಗುತ್ತವೆ. ಆಹಾರವನ್ನು ಅರೆಯಲು ಬಲ ಬೇಕು. ದವಡೆಯನ್ನು ಇಳಿಬಿಡಲು ಅಷ್ಟು ಬಲ ಬೇಡ. ಆದ್ದರಿಂದ ಪ್ರಕೃತಿಯ ಈ ಏರ್ಪಾಡು ಸರಿಯಾಗಿಯೇ ಇದೆ.

ಆದರೆ ಬಾಯಿ ತೆರೆಯುವುದಕ್ಕೆ ಯಾವುದಾದರೂ ಅಡ್ಡಿ ಬಂದಾಗ, ಈ ದುರ್ಬಲ ಸ್ನಾಯು ಅದನ್ನು ಮೀರಲಾರದು. ಬಾಯಿ ಬಿಗಿಯುವ ರೋಗಗಳೆಲ್ಲ ನಮ್ಮನ್ನು ಸೋಲಿಸುವುದು ಈ ದಾರಿಯಲ್ಲಿ. 17ರಿಂದ 25ರ ವಯಸ್ಸಿನಲ್ಲಿ ಬುದ್ಧಿಹಲ್ಲು ಮೂಡುವಾಗ ಅದರ ಸುತ್ತಲಿನ ವಸಡು ಕೀತರೆ ಮುಚ್ಚುವ ಸ್ನಾಯುಗಳು ಬಿಗಿದುಕೊಂಡು ಬಾಯಿ ತೆರೆಯಲಾಗುವುದಿಲ್ಲ. ಸೋಂಕಿಗೆ ಚಿಕಿತ್ಸೆಯಾದೊಡನೆ ಬಿಗಿತವೂ ಇಳಿಯುತ್ತದೆ. ಇನ್ನೆರಡು ಕಾರಣಗಳು ಇಷ್ಟು ಸುಲಭವಲ್ಲ.

ಹಸುಳೆಯ ಬಾಯಿ ಬಿಗಿದಾಗ

ಮೊದಲನೆಯದು ಧನುರ್ವಾಯು. ಇದರ ರೋಗಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಗಾಯದ ಮೂಲಕ ದೇಹವನ್ನು ಹೊಗುತ್ತವೆ. ಅವುಗಳ ವಿಷವು ಸ್ನಾಯುಗಳನ್ನು ಸಡಿಲಗೊಳಿಸುವ ನರವ್ಯವಸ್ಥೆಯನ್ನು ಕೆಡಿಸುತ್ತದೆ. ಆಗ ಎಲ್ಲ ಸ್ನಾಯುಗಳೂ ಒಮ್ಮೆಗೇ ಬಿಗಿಯುತ್ತವೆ. ಮೂರಕ್ಕೂ ಒಂದಕ್ಕೂ ಹಗ್ಗಜಗ್ಗಾಟವಾದರೆ ಮೂರೇ ಗೆಲ್ಲುವುದು. ಆದ್ದರಿಂದ ಈ ರೋಗದ ಮೊದಲ ಗುರುತು ಸಾಮಾನ್ಯವಾಗಿ ದವಡೆ ಕಚ್ಚಿಕೊಳ್ಳುವುದು.

ಹುಟ್ಟಿದ ಮಗುವಿಗೆ ಹೊಕ್ಕುಳಬಳ್ಳಿಯೇ ಗಾಯ. ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದು ಅತ್ತ ಮಗು, 3ರಿಂದ 28ನೆಯ ದಿನದೊಳಗೆ ಮೊಲೆ ಹಿಡಿಯಲಾರದೆ, ಬಾಯಿ ಬಿಗಿದು, ಮೈ ಸೆಟೆದುಕೊಂಡರೆ ಅದು ಧನುರ್ವಾಯುವಾಗಿರಬಹುದು. ಗ್ರಹಚಾರವೆಂದು, ದೃಷ್ಟಿಯೆಂದು ಕಾಲ ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಭಾರತದಲ್ಲಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಗಿದೆಯೆಂದು 2015ರಲ್ಲಿ ದೃಢಪಟ್ಟಿತು. ಇದು ಲಸಿಕೆಯ ಮತ್ತು ಶುದ್ಧ ಹೆರಿಗೆಯ ಫಲ. ಆದರೆ ರೋಗಾಣು ಮಣ್ಣಿನಿಂದ ಹೋಗಿಲ್ಲ. ಲಸಿಕೆ ನಿಲ್ಲಿಸಿದರೆ ರೋಗ ಮರಳುತ್ತದೆ. ಆದ್ದರಿಂದ:

1. ಗರ್ಭಿಣಿಯೆಂದು ತಿಳಿದೊಡನೆ ಟಿ.ಡಿ. ಚುಚ್ಚುಮದ್ದಿನ ಮೊದಲ ಡೋಸು, 4 ವಾರಗಳ ನಂತರ ಎರಡನೆಯ ಡೋಸು ಪಡೆಯಿರಿ. ಹಿಂದಿನ ಬಸಿರಿನಲ್ಲಿ ಎರಡೂ ಡೋಸು ಪಡೆದು 3 ವರ್ಷಗಳೊಳಗೆ ಮತ್ತೆ ಗರ್ಭಿಣಿಯಾದರೆ ಒಂದು ಡೋಸು ಸಾಕು. ತಾಯಿ ಕಾರ್ಡಿನಲ್ಲಿ ಇದನ್ನು ಬರೆಸಿಕೊಳ್ಳಿರಿ.

2. ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಲಿ. ಹೊಕ್ಕುಳಿಗೆ ಬೂದಿ, ಸಗಣಿ, ಎಣ್ಣೆ, ಅರಿಶಿನ ಯಾವುದನ್ನೂ ಹಚ್ಚಬೇಡಿರಿ. ಅದನ್ನು ಒಣಗಿದಂತೆ, ಶುಚಿಯಾಗಿ ಬಿಡುವುದೇ ಮದ್ದು.

3. ಮಗುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಲಸಿಕೆ ಹಾಕಿಸಿ, ಮುಂದಿನ ವರ್ಧಕ ಡೋಸುಗಳನ್ನು ತಪ್ಪಿಸಬೇಡಿರಿ.

4. ಕುಡುಗೋಲು, ಮೊಳೆ, ಮುಳ್ಳು ತಗಲಿ ಗಾಯವಾದರೆ ಸೋಪು ನೀರಿನಿಂದ ತೊಳೆದು ಅಂದೇ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.

ದೊಡ್ಡವರ ಬಾಯಿ ಬಿಗಿದಾಗ

ಎರಡನೆಯದು ನೋವಿಲ್ಲದೆ ಬರುತ್ತದೆ. ಆದ್ದರಿಂದಲೇ ಅದು ಹೆಚ್ಚು ಮೋಸಗಾರ. ಅಡಿಕೆಯನ್ನು ದವಡೆಯಲ್ಲಿ ಒತ್ತರಿಸಿಕೊಳ್ಳುವವರಲ್ಲಿ ಕೆನ್ನೆಯ ಒಳಪೊರೆಯಡಿ ನಾರು ಬೆಳೆಯುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವು ಅಲ್ಲಿಯ ಜೀವಕೋಶಗಳನ್ನು ಕೆರಳಿಸಿ ನಾರು ಹೆಚ್ಚುವಂತೆ ಮಾಡುತ್ತದೆ. ಮೆತ್ತಗಿದ್ದ ಕೆನ್ನೆ ಒಣಗಿದ ತೊಗಲಿನಂತೆ ಗಟ್ಟಿಯಾಗುತ್ತದೆ. ಬಾಯಿ ತೆರೆಯುವ ಸಣ್ಣ ಸ್ನಾಯು ಈ ನಾರಿನ ಪಟ್ಟಿಯನ್ನು ಹಿಗ್ಗಿಸಲಾರದು. ದಿನೇ ದಿನೇ ಬಾಯಿ ಕಿರಿದಾಗುತ್ತದೆ. ಕೊನೆಗೆ ತುತ್ತು ಇಡಲು ಕೂಡ ಎಡೆಯಿರುವುದಿಲ್ಲ.

1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಸ್ತ್ರೀಯರಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿದರು. ಮರುವರ್ಷವೇ ನಮ್ಮ ದೇಶದಲ್ಲಿಯೂ ವರ್ಣಿಸಿದರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು, ಹೊಗೆಸೊಪ್ಪು ಸೇರದ ಬರಿಯ ಅಡಿಕೆಯೂ ಕ್ಯಾನ್ಸರ್ ತರಬಲ್ಲದೆಂದು ಪ್ರಕಟಿಸಿತು. ನಾರು ಬೆಳೆದ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಇತರರಿಗಿಂತ ಹೆಚ್ಚು.

ಕರ್ನಾಟಕವು ಅಡಿಕೆ ಬೆಳೆಯುವ ನಾಡು. ಮದುವೆ ಮುಂಜಿಗಳಲ್ಲಿ, ಬಾಗಿನದಲ್ಲಿ ತಾಂಬೂಲವಿಲ್ಲದೆ ನಮಗೆ ಶಾಸ್ತ್ರ ಮುಗಿಯದು. ತಾಂಬೂಲ ಕೊಡುವ ಗೌರವವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಕೊಟ್ಟಿದ್ದೆಲ್ಲವನ್ನೂ ಮೆಲ್ಲಲೇಬೇಕೆಂಬ ನಿಯಮವೇನೂ ಇಲ್ಲವಲ್ಲ! ಹೊಗೆಸೊಪ್ಪು, ಕಡ್ಡಿಪುಡಿ ಸೇರಿಸಿ ಮೆಲ್ಲುವುದು, ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದಿರಲೆಂದು ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುವುದು, ಇವುಗಳಿಂದಲೂ ಹಾನಿ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಆದರೆ ಪಾನ್ ಮಸಾಲ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ ಕೊಂಡು ಅಂಗೈಯಲ್ಲಿ ಬೆರೆಸಿದರೆ ಅದೂ ಗುಟ್ಕಾವೇ. ಬಾಯಿಗೆ ಅದರ ವ್ಯತ್ಯಾಸ ತಿಳಿಯದು.

ರೋಗದ ಮೊದಲ ಗುರುತುಗಳು ಇವು: ಖಾರದ ಸಾರು ತಗಲಿದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳುಪಾಗುವುದು, ಬೆರಳಾಡಿಸಿದರೆ ಹಗ್ಗದಂತಹ ಗೆರೆ ಸಿಕ್ಕುವುದು, ದೀಪ ಊದಲು, ಸಿಳ್ಳೆ ಹಾಕಲು, ನಾಲಿಗೆಯನ್ನು ಪೂರ್ತಿ ಹೊರಚಾಚಲು ಆಗದಿರುವುದು.

ಮೂರು ಬೆರಳಿನ ಪರೀಕ್ಷೆ

ಇದಕ್ಕೆ ಉಪಕರಣ ಬೇಡ, ಹಣ ಬೇಡ. ಕೈ ತೊಳೆದುಕೊಂಡು, ತೋರುಬೆರಳು, ನಡುಬೆರಳು, ಉಂಗುರ ಬೆರಳುಗಳನ್ನು ಜೋಡಿಸಿ, ಒಂದರ ಕೆಳಗೊಂದು ಬರುವಂತೆ ನಿಮ್ಮ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿರಿ. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ. ಎರಡೇ ಹಿಡಿಸಿದರೆ ವೈದ್ಯರಿಗೆ ತೋರಿಸಬೇಕು. ಒಂದೇ ಆದರೆ ತಡಮಾಡಲೇಬಾರದು. ಅವರವರ ಬಾಯಿಗೆ ಅವರವರ ಬೆರಳೇ ಅಳತೆ.

ಅನಂತರ ಪತಿಯ ಬಾಯನ್ನು ಪತ್ನಿಯೂ, ಪತ್ನಿಯ ಬಾಯನ್ನು ಪತಿಯೂ ಬೆಳಕಿನಲ್ಲಿ ನೋಡಬೇಕು. ಬಿಳಿಯ ಅಥವಾ ಕೆಂಪು ಮಚ್ಚೆ, ಗಂಟು, 2 ವಾರವಾದರೂ ಮಾಯದ ಹುಣ್ಣು ಕಂಡರೆ ವೈದ್ಯರ ಬಳಿಗೆ ಹೋಗಿರಿ. ಇದರಲ್ಲಿ ಸಂಕೋಚ ಸಲ್ಲದು, ದೂಷಣೆಯೂ ಸಲ್ಲದು. ಚಟವುಳ್ಳವರನ್ನು ಹೀಯಾಳಿಸಿದರೆ ಅವರು ಬಾಯಿ ಮುಚ್ಚಿಕೊಂಡು ರೋಗವನ್ನು ಮರೆಮಾಡುತ್ತಾರೆ.

ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಆದರೆ ಅಡಿಕೆಯನ್ನು ಇಂದು ಬಿಟ್ಟರೆ ರೋಗದ ಮುನ್ನಡೆಯನ್ನು ತಡೆಯಬಹುದು. ಔಷಧ, ಚುಚ್ಚುಮದ್ದು, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ ಇವೆ. ವೈದ್ಯರು ಹೇಳಿಕೊಟ್ಟಂತೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಮೆಲ್ಲಗೆ ಒಂದೊಂದೇ ಕಡ್ಡಿಯನ್ನು ಹೆಚ್ಚಿಸುವ ವ್ಯಾಯಾಮವೂ ಉಪಯುಕ್ತ. ಮರದ ತುಂಡು ಹೊಗಿಸಿ ಬಲವಂತವಾಗಿ ಬಾಯಿ ಅಗಲಿಸುವುದು ಅಪಾಯಕರ.

ಎಲ್ಲಿ ತೋರಿಸಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಕೆಂಗೇರಿ, ಕುಂಬಳಗೋಡು ಸುತ್ತಿನ ಹಳ್ಳಿಗಳವರಿಗೆ ಮೈಸೂರು ರಸ್ತೆಯ ರಾಮೋಹಳ್ಳಿ ಕ್ರಾಸ್ ಬಳಿಯ ರಾಜರಾಜೇಶ್ವರಿ ದಂತ ವೈದ್ಯಕೀಯ ಕಾಲೇಜು ಹತ್ತಿರ. 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಇದೆ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಬಸ್ಸಿಳಿದು ನಡೆದೇ ಹೋಗಬಹುದು. ಕಾರ್ಖಾನೆಗಳಲ್ಲಿ ದುಡಿಯುವ, ವಿಮಾ ಕಾರ್ಡುಳ್ಳ ಕುಟುಂಬಗಳು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ಕ್ಯಾನ್ಸರಿನ ಶಂಕೆಯಿದ್ದರೆ ವೈದ್ಯರೇ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಹೊಗೆಸೊಪ್ಪಿನ ಚಟ ಬಿಡಲು ಸಲಹೆ ಬೇಕಾದವರು 1800-11-2356 ಎಂಬ ಶುಲ್ಕರಹಿತ ಸಂಖ್ಯೆಗೆ ಕರೆ ಮಾಡಬಹುದು.

ಮುಚ್ಚುವ ಮೂರು ಸ್ನಾಯುಗಳಿಗೆ ನಿಮ್ಮ ಸಹಾಯ ಬೇಕಾಗಿಲ್ಲ. ತೆರೆಯುವ ಆ ಒಂದಕ್ಕೆ ಬೇಕು. ಬಸಿರಿನಲ್ಲಿ ಚುಚ್ಚುಮದ್ದು, ಹೊಕ್ಕುಳಿನ ಶುಚಿತ್ವ, ಅಡಿಕೆ ಮತ್ತು ಹೊಗೆಸೊಪ್ಪುಗಳ ತ್ಯಾಗ, ತಿಂಗಳಿಗೊಮ್ಮೆ ಮೂರು ಬೆರಳಿನ ಪರೀಕ್ಷೆ: ಇಷ್ಟನ್ನು ಪಾಲಿಸಿರಿ. ಮೊದಲ ಪರೀಕ್ಷೆ ಇಂದು ರಾತ್ರಿ ಊಟಕ್ಕೆ ಮುಂಚೆಯೇ ನಡೆಯಲಿ.